ಹಂಚು ಜಾರಿದ ಮನೆ, ಹದಿನಾಲ್ಕು ರುಜು: ಶಿವಮೊಗ್ಗದ ಹಳೇ ಪೇಟೆಯಲ್ಲಿ ಅಪಾರ್ಟ್‌ಮೆಂಟ್ ಏಳುವ ಲೆಕ್ಕ

ಗಾಂಧಿ ಬಜಾರಿನ ಒಳಬೀದಿಗಳಲ್ಲಿ, ಕೋಟೆ ಕಡೆ, ಬೀಗ ಜಡಿದ ಹಂಚಿನ ಮನೆಗಳು ಹಾಳಾಗುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಒಂದು ಹಂಚು ಜಾರುತ್ತದೆ. ಆ ಸಂದಿಯಲ್ಲಿ ಇಳಿದ ನೀರು ಹಂಚು ಕೂತ ಮರದ ಪಟ್ಟಿಯನ್ನು, ಅಂದರೆ ರೀಪನ್ನು, ನೆನೆಸುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ರೀಪು ಲಡ್ಡಾಗಿ ಒಂದಿಡೀ ಸಾಲು ಹಂಚು ಕೆಳಗೆ ಬರುತ್ತದೆ. ಆಮೇಲೆ ನೀರು ನೇರ ಗೋಡೆಯ ನೆತ್ತಿಗೆ ಬೀಳುತ್ತದೆ. ಮಣ್ಣಿನ ಗೋಡೆ ಬದಿಯಿಂದ ಬಡಿಯುವ ಇರಚಲನ್ನು ಹೇಗೋ ತಡೆದುಕೊಂಡೀತು, ತಲೆಯ ಮೇಲೆ ಸುರಿಯುವುದನ್ನು ತಡೆಯಲಾರದು. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಕಂಡ ವರ್ಷ ಎಣಿಕೆ ಶುರುವಾಯಿತೆಂದೇ ಅರ್ಥ.

ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಒಂದೆರಡು ದಿನದ ಕೂಲಿ, ನೂರಿನ್ನೂರು ಹಂಚು. ಅಷ್ಟನ್ನೂ ಯಾರೂ ಮಾಡಿಸಲಿಲ್ಲ, ಏಕೆಂದರೆ ಮನೆ ಯಾರೊಬ್ಬರದ್ದೂ ಅಲ್ಲ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಒಬ್ಬಿಬ್ಬರು ಹೊರದೇಶದಲ್ಲಿದ್ದಾರೆ. ಮುಂಭಾಗದ ಎರಡು ಮಳಿಗೆಗಳಲ್ಲಿ ನಲವತ್ತು ವರ್ಷದ ಹಿಂದಿನ ಬಾಡಿಗೆದಾರರು. ರಿಪೇರಿಗೆ ದುಡ್ಡು ಹಾಕಿದವನಿಗೆ ಅದು ವಾಪಸು ಬರುವ ಖಾತ್ರಿಯಿಲ್ಲ, ಹಾಕದವನ ಪಾಲು ಕಡಿಮೆಯಾಗುವುದೂ ಇಲ್ಲ. ಇಂಥ ಮನೆಯ ಮುಂದೆ ಬಿಲ್ಡರ್ ಬಂದು ನಿಂತು "ಜೆಡಿ ಕೊಡಿ, ನಾನೇ ಕಟ್ಟಿಕೊಡುತ್ತೇನೆ" ಎಂದರೆ ಎಲ್ಲರಿಗೂ ಬಿಡುಗಡೆಯಾದಂತೆ ಅನ್ನಿಸುತ್ತದೆ. ಜೆಡಿ ಎಂದರೆ ಜಂಟಿ ಅಭಿವೃದ್ಧಿ ಒಪ್ಪಂದ: ಜಾಗ ಮಾಲೀಕರದು, ಕಟ್ಟುವ ಖರ್ಚು ಬಿಲ್ಡರಿನದು, ಫ್ಲಾಟುಗಳಲ್ಲಿ ಇಬ್ಬರಿಗೂ ಪಾಲು. ಮಾತುಕತೆ ನೇರ ನಲವತ್ತೋ ಐವತ್ತೋ ಎಂಬ ಪಾಲಿನ ಚೌಕಾಶಿಗೆ ಹೋಗುತ್ತದೆ. ತಪ್ಪು ನಡೆಯುವುದು ಅಲ್ಲೇ. ಮನೆಯನ್ನು ಕೆಡವಿದ್ದು ಕಾಗದ. ಅದೇ ಕಾಗದ ಸರಿಯಾಗದೆ ಹೊಸ ಕಟ್ಟಡ ಎದ್ದರೆ ಅರ್ಧಕ್ಕೆ ನಿಲ್ಲುತ್ತದೆ, ಎದ್ದು ನಿಂತರೂ ಮಾರಾಟವಾಗುವುದಿಲ್ಲ.

ರುಜುಗಳ ಎಣಿಕೆ

ಒಂದು ಮಾದರಿ ಕುಟುಂಬ ತೆಗೆದುಕೊಳ್ಳಿ. ಅಜ್ಜನಿಗೆ ಐವರು ಮಕ್ಕಳು, ಮೂವರು ಇದ್ದಾರೆ. ತೀರಿಕೊಂಡ ಮಗನ ಕಡೆ ಹೆಂಡತಿ, ಮೂವರು ಮಕ್ಕಳು, ಜೊತೆಗೆ ಅವನ ಮಕ್ಕಳಲ್ಲೇ ತೀರಿಹೋದ ಇನ್ನೊಬ್ಬನ, ಅಂದರೆ ಅಜ್ಜನ ಮೊಮ್ಮಗನ, ಹೆಂಡತಿ ಮತ್ತು ಇಬ್ಬರು ಮಕ್ಕಳು: ಏಳು. ತೀರಿಕೊಂಡ ಮಗಳ ಕಡೆ ಗಂಡ, ಮೂವರು ಮಕ್ಕಳು: ನಾಲ್ಕು. ಒಟ್ಟು ಹದಿನಾಲ್ಕು ರುಜು. "ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಮಾತು ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ತಂದೆ 2005ಕ್ಕೆ ಮೊದಲೇ ತೀರಿಹೋಗಿದ್ದರೂ ಆ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿತು. ರಕ್ಷಣೆ ಇರುವುದು 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರಕ್ಕೆ ಅಥವಾ ಕೋರ್ಟ್ ಡಿಕ್ರಿಗೆ. ಬಿಳಿ ಹಾಳೆಯಲ್ಲಿ ಪಂಚರ ಮುಂದೆ ಬರೆದ ಪಾಲುಪಟ್ಟಿಯನ್ನು ನಂಬಿ ಜೆಡಿಗೆ ಹೊರಟ ಎಷ್ಟೋ ಯೋಜನೆಗಳು ಪಾಯದ ಹೊತ್ತಿಗೆ ತಡೆಯಾಜ್ಞೆ ಕಂಡಿವೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರಗಳು. ಆಮೇಲೆ ಸಿಟಿ ಸರ್ವೆಯ ದಾಖಲೆ, ಮೂಲಪತ್ರ, ಕನಿಷ್ಠ ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ). ನಂತರ ಪಾಲಿಕೆಯಲ್ಲಿ ಎಲ್ಲ ವಾರಸುದಾರರ ಹೆಸರಿಗೆ ಖಾತೆ, ಅದರ ಇ-ಖಾತಾ. ಅದಿಲ್ಲದೆ ಈಗ ನೋಂದಣಿಯೇ ಮುಂದೆ ಹೋಗದು. ಪಾಲು ಬೇಡವೆಂದವರಿಂದ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬೇಕು, ಬಾಯಿಮಾತಿನ ಒಪ್ಪಿಗೆ ಸಾಲದು. ವಾರಸುದಾರರಲ್ಲಿ ಅಪ್ರಾಪ್ತರಿದ್ದರೆ ಕೋರ್ಟಿನ ಅನುಮತಿ ಬೇಕೇ ಎಂಬುದನ್ನು ವಕೀಲರ ಬಳಿ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಹೊರದೇಶದಲ್ಲಿದ್ದವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸುವ ಜಿಪಿಎಗೆ (ತಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ), ಅದು ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅದನ್ನು ಮರೆತು ಕವರಿನಲ್ಲೇ ಇಟ್ಟುಕೊಳ್ಳುವವರು ಜಾಸ್ತಿ.

ಬಾಡಿಗೆದಾರರದು ಬೇರೆಯೇ ಅಧ್ಯಾಯ. ಕರ್ನಾಟಕ ಬಾಡಿಗೆ ಕಾಯ್ದೆ 1999 ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರ್ ಒಳಗಿನದ್ದಕ್ಕೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಆಸ್ತಿ ವರ್ಗಾವಣೆ ಕಾಯ್ದೆ, ಅಂದರೆ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸು. ಕಾಗದದ ಮೇಲೆ ಸುಲಭ. ಆದರೆ ನೋಟಿಸು ಕೊಟ್ಟು ದಾವೆ ಹೂಡಿ ಗೆಲ್ಲುವ ಹೊತ್ತಿಗೆ ಕಟ್ಟುವ ಖರ್ಚು ಏರಿರುತ್ತದೆ. ಹೊಸ ಕಟ್ಟಡದಲ್ಲಿ ಇಂತಿಷ್ಟು ಚದರಡಿ ಮಳಿಗೆ, ಹೊಸ ದರದ ಬಾಡಿಗೆ, ಕಟ್ಟುವ ಅವಧಿಗೆ ತಾತ್ಕಾಲಿಕ ಜಾಗದ ಬಾಡಿಗೆ ಯಾರದು ಎಂದು ಬರೆದುಕೊಂಡು ಮುಗಿಸುವುದೇ ಅಗ್ಗ.

ಇಪ್ಪತ್ತಡಿ ಅಗಲದ ಕಷ್ಟ

ಹಳೇ ಪೇಟೆಯ ನಿವೇಶನಗಳು ಉದ್ದಕ್ಕೆ ರೈಲುಡಬ್ಬಿಯ ಹಾಗೆ: ಮುಂದೆ ಮಳಿಗೆ ಅಥವಾ ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಬಾವಿ, ಹಿತ್ತಲು. 20 ಅಡಿ ಅಗಲ, 100 ಅಡಿ ಉದ್ದ ಎಂದಿಟ್ಟುಕೊಂಡರೆ 2,000 ಚದರಡಿ. ಕೇಳುವುದಕ್ಕೆ ಚೆನ್ನಾಗಿದೆ. ಎರಡೂ ಬದಿ ಐದೈದು ಅಡಿ ಬಿಟ್ಟರೆ ಉಳಿಯುವುದು ಹತ್ತಡಿ ಅಗಲದ ಓಣಿ. ಅದರಲ್ಲಿ ಮೆಟ್ಟಿಲು, ಲಿಫ್ಟು ಇಟ್ಟ ಮೇಲೆ ಮಂಚ ಹಾಕಲು ಜಾಗವಿಲ್ಲ. ಹಾಗಾಗಿ ಒಂಟಿ ನಿವೇಶನದಲ್ಲಿ ಅಪಾರ್ಟ್‌ಮೆಂಟ್ ಎಂಬುದು ಇಲ್ಲಿ ಮಾತಿಗಷ್ಟೇ. ಅಕ್ಕಪಕ್ಕದ ಮೂರು ಮನೆ ಸೇರಿದರೆ 60 ಅಡಿ ಅಗಲ ಸಿಗುತ್ತದೆ. ಜೊತೆಗೆ ಹದಿನಾಲ್ಕು ರುಜುವಿನ ಸಮಸ್ಯೆಯೂ ಮೂರು ಪಟ್ಟಾಗುತ್ತದೆ.

60×90 ಅಡಿಯ ಜಾಗ ಒಟ್ಟಾಯಿತು ಎನ್ನಿ. 5,400 ಚದರಡಿ ಎಂದರೆ 501 ಚದರ ಮೀಟರಿಗಿಂತ ತುಸು ಹೆಚ್ಚು. ಈ ಸಂಖ್ಯೆಯನ್ನು ನೆನಪಿಡಿ. ರಿಯಲ್ ಎಸ್ಟೇಟ್ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ 2016ರ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲಾಟುಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ನಕ್ಷೆಯಲ್ಲಿ ಸರಿಯಾಗಿ ಎಂಟೇ ಫ್ಲಾಟು ಕಂಡರೆ, ಅಥವಾ ಮುಂದಿನ ಒಂದು ಪಟ್ಟಿಯನ್ನು "ಬೇರೆ ಇರಲಿ" ಎಂದು ಬಿಲ್ಡರ್ ಕೈಬಿಟ್ಟರೆ, ಅದು ಕಾಕತಾಳೀಯವಲ್ಲ. ನೋಂದಣಿಯಾದ ಯೋಜನೆಯಲ್ಲಿ ಕೊಂಡವರು ಕೊಟ್ಟ ಹಣದ ನೂರಕ್ಕೆ 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿದ್ದು ಆ ಕಟ್ಟಡಕ್ಕೇ ಖರ್ಚಾಗಬೇಕು, ಒಪ್ಪಂದ ನೋಂದಣಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ಕೈಗೆ ಬಂದ ಐದು ವರ್ಷದೊಳಗೆ ಕಾಣುವ ಕಟ್ಟಡದ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಜಾಗದ ಮಾಲೀಕರಿಗೂ ಈ ಬೇಲಿ ಬೇಕು. ಶೇ. 70ರ ಖಾತೆ ಇಲ್ಲದಿದ್ದರೆ ನಿಮ್ಮ ಕಟ್ಟಡದ ಮುಂಗಡ ಗೋಪಾಳದಲ್ಲೋ ವಿನೋಬನಗರದಲ್ಲೋ ಬೇರೆ ಸೈಟಿನ ಸಿಮೆಂಟಾಗಿ ಹೋಗುವುದನ್ನು ತಡೆಯುವವರಿಲ್ಲ.

ಈಗ ಪಾಲಿನ ಲೆಕ್ಕ. ಎಫ್‌ಎಆರ್, ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ, 1.75 ಎಂದು ಊಹಿಸಿಕೊಳ್ಳಿ (ನಿಮ್ಮ ರಸ್ತೆಯ ಅಗಲ, ವಲಯ ನೋಡಿ ನಿಜ ಸಂಖ್ಯೆ ತಿಳಿಯುತ್ತದೆ). 5,400ಕ್ಕೆ 9,450 ಚದರಡಿ. ಮಾಲೀಕರಿಗೆ ಶೇ. 40 ಎಂದರೆ 3,780. ಆದರೆ ಯಾವುದರ ನಲವತ್ತು? ಸೂಪರ್ ಬಿಲ್ಟ್‌ಅಪ್‌ನದೋ, ಕಾರ್ಪೆಟ್‌ನದೋ? ಮೆಟ್ಟಿಲು, ಲಿಫ್ಟು, ಪಡಸಾಲೆ ಎಲ್ಲವನ್ನೂ ಹಂಚಿ ಸೇರಿಸಿದ ಅಳತೆ ಸೂಪರ್ ಬಿಲ್ಟ್‌ಅಪ್. ಗೋಡೆಯೊಳಗೆ ಚಾಪೆ ಹಾಸಬಹುದಾದ್ದು ಕಾರ್ಪೆಟ್. 1,200 ಎಂದು ಹೇಳಿದ ಫ್ಲಾಟಿನ ಕಾರ್ಪೆಟ್ 850 ಆಗಿರುವುದು ತೀರ ಸಾಮಾನ್ಯ. ಅಳತೆ ಬರೆಯದ ನಲವತ್ತೈದಕ್ಕಿಂತ ಅಳತೆ ಬರೆದ ಮೂವತ್ತೆಂಟು ವಾಸಿ. ನಕ್ಷೆ ಮಂಜೂರಾದ ತಕ್ಷಣ ಹಂಚಿಕೆ ಒಪ್ಪಂದವೊಂದನ್ನು ಬೇರೆಯಾಗಿ ಮಾಡಿಕೊಳ್ಳಬೇಕು: ಎರಡನೇ ಮಹಡಿಯ ಈಶಾನ್ಯದ್ದು, ಮೂರನೆಯದರ ರಸ್ತೆ ಬದಿಯದ್ದು, ಎಂದು ಫ್ಲಾಟ್ ಸಂಖ್ಯೆ, ಕಾರ್ಪೆಟ್ ಅಳತೆ, ಪಾರ್ಕಿಂಗ್ ಗೆರೆ ಸಮೇತ. ಇಲ್ಲವಾದರೆ ನೈರುತ್ಯದ, ಮಳೆ ಹೊಡೆಯುವ ಗೋಡೆಯ ಫ್ಲಾಟುಗಳೆಲ್ಲ ಮಾಲೀಕರ ಪಾಲಿಗೇ ಬರುತ್ತವೆ.

ನೆಲದಲ್ಲಿ ಉಳಿಯುವ ಅವಿಭಜಿತ ಪಾಲನ್ನೂ ನೋಡಿ. 5,400 ಚದರಡಿಯ ಒಡೆತನ ಶೇ. 40ರ ಜೆಡಿಯಲ್ಲಿ 2,160ಕ್ಕೆ ಇಳಿಯುತ್ತದೆ, ಅದೂ ಯಾರ ಗುರುತಿಗೂ ಸಿಗದ ಹಾಗೆ, ಹದಿನಾರು ಫ್ಲಾಟು ಎಂದಿಟ್ಟುಕೊಂಡರೆ, ಅವುಗಳ ನಡುವೆ ಹರಡಿಕೊಂಡು. ಬಿಲ್ಡರಿಗೆ ಕೊಡುವ ಜಿಪಿಎಯಲ್ಲಿ ಅವನ ಪಾಲನ್ನು ಮಾತ್ರ ಮಾರುವ ಅಧಿಕಾರವಿರಲಿ. ಮಾಲೀಕರ ಪಾಲನ್ನು, ಇಡೀ ನೆಲವನ್ನು ಅಡಮಾನ ಇಡುವ ಸಾಲು ಸದ್ದಿಲ್ಲದೆ ನುಸುಳಿರುತ್ತದೆ. ಅದನ್ನು ಹೊಡೆದುಹಾಕಿ.

ತೆರಿಗೆಯನ್ನು ಬೇಗ ಹೇಳಿ ಮುಗಿಸಬಹುದು, ಆದರೆ ಮರೆತರೆ ದುಬಾರಿ. 2017ರ ತಿದ್ದುಪಡಿಯಿಂದ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ ನೋಂದಾಯಿತ ಜೆಡಿ ಮಾಡಿದರೆ ಬಂಡವಾಳ ಲಾಭದ ತೆರಿಗೆ ಬರುವುದು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ವರ್ಷದಲ್ಲಿ, ಜೆಡಿಗೆ ಸಹಿ ಹಾಕಿದ ವರ್ಷದಲ್ಲಲ್ಲ. ಅದಕ್ಕೆ ಮೊದಲೇ ಮಾಲೀಕರು ತಮ್ಮ ಪಾಲಿನ ಫ್ಲಾಟನ್ನು ಮಾರಿದರೆ ಈ ಅನುಕೂಲ ತಪ್ಪುತ್ತದೆ. ಜಿಎಸ್‌ಟಿ 2019ರ ಏಪ್ರಿಲ್‌ನಿಂದ ಶೇ. 5. ನಮ್ಮಂಥ ಮಹಾನಗರವಲ್ಲದ ಊರಿನಲ್ಲಿ 90 ಚದರ ಮೀಟರ್ ಕಾರ್ಪೆಟ್ ಮತ್ತು 45 ಲಕ್ಷ ಬೆಲೆ ಮೀರದ ಫ್ಲಾಟಿಗೆ ಶೇ. 1. ಮಾಲೀಕರ ಪಾಲಿನ ಮೇಲಿನ ಜಿಎಸ್‌ಟಿ ಯಾರು ಹೊರಬೇಕು ಎಂಬ ಸಾಲು ಒಪ್ಪಂದದಲ್ಲಿ ಇಲ್ಲದೆ ಕೊನೆಯಲ್ಲಿ ಜಗಳವಾಗುತ್ತದೆ.

ಕೆಡವುವುದಕ್ಕೂ ತಿಂಗಳು ನೋಡಬೇಕು

ಎಲ್ಲ ಹಳೇ ಮನೆಯನ್ನೂ ಕೆಡವಬೇಕೆಂದಿಲ್ಲ. ಕಂಬದ ಬುಡ, ಗೋಡೆಯ ನೆತ್ತಿಯ ಮರ, ತೊಲೆ ಕೂತ ಜಾಗ, ಈ ಮೂರು ಗಟ್ಟಿಯಿದ್ದು ಗೋಡೆ ತೂಗುಗುಂಡಿಗೆ ಸರಿಯಿದ್ದರೆ ಮಾಡು ಮಾತ್ರ ಬದಲಿಸಿದರೆ ಸಾಕು. ಜಂಬಿಟ್ಟಿಗೆಯ ಗೋಡೆಯಾದರೆ ಇನ್ನೂ ಒಂದು ತಲೆಮಾರು ನಿಲ್ಲುತ್ತದೆ. ಹಳೇ ಆರ್‌ಸಿಸಿ ಕಟ್ಟಡಗಳದ್ದು ವಿಚಿತ್ರ. ನೋಡಲು ಗಟ್ಟಿ, ಒಳಗೆ ಕಂಬಿ ತುಕ್ಕು ಹಿಡಿದು ಊದಿ, ಸಜ್ಜಾದ (ಕಿಟಕಿಯ ಮೇಲಿನ ಚಾಚು) ಕಾಂಕ್ರೀಟು ಪದರ ಪದರವಾಗಿ ಉದುರುತ್ತಿರುತ್ತದೆ. ಮಣ್ಣಿನ ಮನೆಗಿಂತ ಇವೇ ಮೊದಲು ಹೋಗಬೇಕಾದವು.

ಕೆಡವುವುದೇ ತೀರ್ಮಾನವಾದರೆ ದೀಪಾವಳಿ ಕಳೆದ ಮೇಲೆ ಹಂಚು ಇಳಿಸಬೇಕು, ಫೆಬ್ರವರಿಗೆ ಪಾಯ ತೋಡಬೇಕು, ಮೃಗಶಿರಾ ಹಿಡಿಯುವಷ್ಟರಲ್ಲಿ ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟು ತೊಲೆ) ಮುಗಿದು ಸುತ್ತ ಮಣ್ಣು ತುಂಬಿರಬೇಕು. ಏಪ್ರಿಲ್‌ನಲ್ಲಿ ಕೆಡವಲು ಹೊರಟ ಯೋಜನೆ ಜೂನ್‌ನಲ್ಲಿ ತೆರೆದ ಹೊಂಡದೊಂದಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮೊದಲು ಕುಸಿಯುವುದು ಪಕ್ಕದ ಮನೆ.

ಅದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಿ. ಸಾಲುಮನೆಗಳ ನಡುವಿನ ಕೂಡುಗೋಡೆ ಎರಡೂ ಮನೆಯ ತೊಲೆಗಳನ್ನು ಹೊತ್ತಿರುತ್ತದೆ. ಈ ಕಡೆಯ ಮಾಡು ತೆಗೆದರೆ ಒಂದು ಬದಿಯ ಒತ್ತು ಹೋಗಿ ಗೋಡೆ ಇತ್ತ ವಾಲಲು ನೋಡುತ್ತದೆ. ನೂರು ವರ್ಷ ಮನೆಯೊಳಗಿದ್ದ ಆ ಮುಖಕ್ಕೆ ಮಳೆ ಕಂಡು ಗೊತ್ತಿಲ್ಲ. ಬರೀ ಸುಣ್ಣ ಬಳಿದ ಮಣ್ಣು ಒಂದೇ ಮುಂಗಾರಿಗೆ ಕರಗುತ್ತದೆ. ಅದರ ಬುಡದಲ್ಲೇ ಜೆಸಿಬಿ ಆರಡಿ ತೋಡಿದರೆ ಹಳೇ ಗೋಡೆಯ ಎರಡಡಿಯ ಪಾಯ ಗಾಳಿಯಲ್ಲಿ ನಿಲ್ಲುತ್ತದೆ. ತಡೆಯುವ ದಾರಿಯೇನೂ ಗುಟ್ಟಲ್ಲ. ಕೆಲಸ ಶುರುವಾಗುವ ಮೊದಲೇ ನೆರೆಮನೆಯವರ ಎದುರು ಪ್ರತಿ ಬಿರುಕಿನ ಫೋಟೋ ತೆಗೆದು ದಿನಾಂಕ ಹಾಕಿ ಇಬ್ಬರೂ ರುಜು ಮಾಡುವುದು. ದೊಡ್ಡ ಬಿರುಕಿಗೆ ಅಡ್ಡಲಾಗಿ ಗಾಜಿನ ತುಂಡು ಅಂಟಿಸುವುದು. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ. ಗೋಡೆಗೆ ಓರೆ ಒತ್ತುಗಂಬ ಕೊಟ್ಟೇ ಮಾಡು ಬಿಚ್ಚುವುದು. ಪಕ್ಕದ ಪಾಯದ ಕೆಳಗೆ ಕಾಂಕ್ರೀಟು ತುಂಬಬೇಕಾದರೆ ನಾಲ್ಕು ನಾಲ್ಕು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದು. ಬೇಗ ಆಗಲಿ ಎಂದು ಒಟ್ಟಿಗೇ ತೋಡಿದವರು ಗೋಡೆಯನ್ನೇ ಕಳೆದುಕೊಂಡಿದ್ದಾರೆ. ಬಯಲಾದ ಮುಖಕ್ಕೆ ಜಾಲರಿ ಹೊಡೆದು ಸಿಮೆಂಟು ಗಾರೆ, ಗೋಡೆಯ ನೆತ್ತಿಗೆ ನೀರಿಳಿಯದ ಹೊದಿಕೆ. ಈ ಖರ್ಚು ಬಿಲ್ಡರಿನದ್ದು ಎಂದು ಒಪ್ಪಂದದಲ್ಲೇ ಇರಬೇಕು.

ಕೆಡವಿದ ಸಾಮಾನಿನ ಪ್ರಮಾಣವನ್ನು ಯಾರೂ ಮೊದಲೇ ಅಂದಾಜಿಸುವುದಿಲ್ಲ. ಒಟ್ಟು 200 ಅಡಿ ಉದ್ದ, ಹತ್ತಡಿ ಎತ್ತರ, ಒಂದೂವರೆ ಅಡಿ ದಪ್ಪದ ಮಣ್ಣುಗೋಡೆ ಎಂದರೆ ಸುಮಾರು 85 ಘನ ಮೀಟರ್, ಹತ್ತಿರ ಹತ್ತಿರ 150 ಟನ್. ಹತ್ತು ಟನ್ನಿನ ಟಿಪ್ಪರಿನಲ್ಲಿ ಹದಿನೈದು ಟ್ರಿಪ್ಪು, ಒಂದೇ ಮನೆಗೆ. ಇದು ತುಂಗೆಯ ದಡಕ್ಕೋ ರಾಜಕಾಲುವೆಗೋ ರಾತ್ರೋರಾತ್ರಿ ಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ ಎಂದು ಬೇರ್ಪಡಿಸಿ ಪಾಲಿಕೆ ತೋರಿಸಿದ ಜಾಗಕ್ಕೆ ಸಾಗಿಸಬೇಕೆಂಬುದು ನಿಯಮ. ಹಂಚು ಮಾತ್ರ ದುಡ್ಡು. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, 20×60 ಅಡಿಯ ಮನೆಯ ಇಳಿಜಾರು ಮಾಡಿನಲ್ಲಿ ಎರಡು ಸಾವಿರ ಸಿಕ್ಕೀತು, ನೆತ್ತಿಯಿಂದ ಕೆಳಕ್ಕೆ ಕೈಯಲ್ಲೇ ಇಳಿಸಿದರೆ. ಬೀಟೆ, ಸಾಗುವಾನಿ, ಹೊನ್ನೆಯ ಕಂಬ ತೊಲೆಗಳನ್ನು ಹಳೇ ಮನೆಯದ್ದು ತಾನೇ ಎಂದು ಲಾರಿಗೆ ತುಂಬಬೇಡಿ. ಸಾಗಿಸುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಪಾಸಿನ ವಿಷಯ ಕೇಳಿ. ಈ ಮರ ಯಾರ ಪಾಲಿಗೆ ಎಂಬುದೂ ಜೆಡಿಯಲ್ಲಿ ಬರೆದಿರಬೇಕು, ಎಷ್ಟೋ ಕಡೆ ಬಿಲ್ಡರಿನ ಮೊದಲ ಲಾಭ ಅದೇ.

ಇನ್ನು ಹಿತ್ತಲಿನ ಬಾವಿ. ಅದನ್ನು ಕೆಡವಿದ ಮಣ್ಣಿನಿಂದ ಮುಚ್ಚಿ ಅದರ ಮೇಲೆ ಕಾಲಂ ನಿಲ್ಲಿಸುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ಸಡಿಲ ಮಣ್ಣು ಮಳೆಗಾಲದಲ್ಲಿ ನೀರು ಏರಿದಾಗ ಕುಗ್ಗುತ್ತದೆ, ಆ ಒಂದು ಕಾಲಂ ಅರ್ಧ ಇಂಚು ಇಳಿದರೂ ಮೇಲಿನ ನಾಲ್ಕು ಮಹಡಿಯಲ್ಲಿ ಓರೆ ಬಿರುಕು ಏಳುತ್ತದೆ. ಬಾವಿಯನ್ನು ನಕ್ಷೆಯಲ್ಲಿ ಗುರುತಿಸಿ ಕಾಲಂಗಳನ್ನು ಸರಿಸಿಕೊಂಡು, ಬಾವಿಯನ್ನು ಮಳೆನೀರು ಇಂಗಿಸಲು ಉಳಿಸಿಕೊಳ್ಳುವುದು ಜಾಣತನ. ಮಣ್ಣು ಪರೀಕ್ಷೆಗೆ ನಿವೇಶನದ ಬೇರೆ ಬೇರೆ ಮೂಲೆಯಲ್ಲಿ ಎರಡು ಮೂರು ಬೋರ್ ಬೇಕು. ಪಕ್ಕದ ಸೈಟಿನ ವರದಿಯ ಜೆರಾಕ್ಸ್ ಹಚ್ಚುವುದು ಪರೀಕ್ಷೆಯಲ್ಲ.

ನೀರು ಎಲ್ಲಿಗೆ ಹೋಗುತ್ತದೆ

ಶಿವಮೊಗ್ಗಕ್ಕೆ ನೆರೆ ಬರುವುದು ಊರಿನ ಮಳೆಯನ್ನೇ ನಂಬಿಕೊಂಡಲ್ಲ. ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ಗಾಜನೂರು ಅಣೆಕಟ್ಟು ದಾಟಿ ಇಲ್ಲಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಊರು ಮರೆತಿಲ್ಲ. ಆದರೂ ನದಿಯ ಹತ್ತಿರದ ಹಳೇ ಜಾಗಗಳಲ್ಲಿ ಕಾರಿಗೆಂದು ನೆಲಮಾಳಿಗೆ ತೋಡುವ ನಕ್ಷೆಗಳು ಬರುತ್ತಿವೆ. ನದಿ ಏರಿದಾಗ ಅಂತರ್ಜಲವೂ ಏರುತ್ತದೆ, ನೆಲಮಾಳಿಗೆಯ ಗೋಡೆಯಿಂದ ಒಸರುತ್ತದೆ, ಲಿಫ್ಟಿನ ಗುಂಡಿ ಮೊದಲು ತುಂಬುತ್ತದೆ. ಇಲ್ಲಿ ಸ್ಟಿಲ್ಟ್ ಪಾರ್ಕಿಂಗ್, ಅಂದರೆ ನೆಲಮಟ್ಟದಲ್ಲಿ ಕಂಬಗಳ ನಡುವೆ ಕಾರು, ಅದರ ಮೇಲೆ ಮನೆ, ಇದೊಂದೇ ವಿವೇಕ. ಮೀಟರ್ ಬೋರ್ಡು, ಜನರೇಟರು, ಸಂಪಿನ ಬಾಯಿ 2019ರ ನೀರಿನ ಗುರುತಿಗಿಂತ ಮೇಲಿರಬೇಕು. ಆ ಗುರುತು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ, ಕೇಳಿದರೆ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 500 ಚದರ ಮೀಟರ್ ಜಾಗದಲ್ಲಿ ದಿನಕ್ಕೆ 100 ಮಿ.ಮೀ. ಸುರಿದರೆ 50,000 ಲೀಟರ್, ಎಂಟು ಟ್ಯಾಂಕರಿಗಿಂತ ಹೆಚ್ಚು. ಅಂಗಳ, ಹಿತ್ತಲು ಇದ್ದಾಗ ಅದರಲ್ಲಿ ಒಂದು ಪಾಲು ಅಲ್ಲೇ ಇಂಗುತ್ತಿತ್ತು. ಪೇವರ್ ಹಾಸಿದ ಮೇಲೆ ಅಷ್ಟೂ ರಸ್ತೆಯ ಚರಂಡಿಗೆ. ಒಳಗಿನ ನೀರೂ ಹಾಗೆಯೇ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ, ಮನೆಗೆ ನಾಲ್ಕೂವರೆ ಜನರಂತೆ, ಹದಿನಾರು ಫ್ಲಾಟಿಗೆ ಸುಮಾರು 9,700 ಲೀಟರ್. ಅದರ ನೂರಕ್ಕೆ 80 ಯುಜಿಡಿಗೆ, ಅಂದರೆ ಒಳಚರಂಡಿಗೆ, ಹೋಗುತ್ತದೆ. ಒಂದು ಮನೆಗೆಂದು ಕೊಟ್ಟಿದ್ದ ಹಳೇ ಸಂಪರ್ಕಕ್ಕೇ ಇದನ್ನೂ ಜೋಡಿಸಿದರೆ ಬೀದಿಯ ತಗ್ಗಿನಲ್ಲಿರುವ ಮನೆಯ ಬಚ್ಚಲಲ್ಲಿ ನೀರು ಉಕ್ಕುತ್ತದೆ. ಹೊಸ ಮ್ಯಾನ್‌ಹೋಲಿನಿಂದ ಮುಖ್ಯ ಕೊಳವೆಗೆ ಬೇರೆ ಜೋಡಣೆ, ಅದರ ಇಳಿಜಾರಿನ ಅಳತೆ, ಇವನ್ನು ನಕ್ಷೆ ಮಂಜೂರಾತಿಯ ಹಂತದಲ್ಲೇ ಕೇಳಿ ಪಡೆಯಬೇಕು.

ಗೋಡೆ, ಸಜ್ಜಾದ ವಿಷಯದಲ್ಲಿ ಬೆಂಗಳೂರಿನ ನಕ್ಷೆ ಇಲ್ಲಿ ನಡೆಯದು. ಬೋಳು ಮುಖದ ಕಟ್ಟಡ ಚಿತ್ರದಲ್ಲಿ ಚಂದ. ಮಲೆನಾಡಿನ ಅಂಚಿನ ಗಾಳಿಮಳೆ ಅದರ ಪಶ್ಚಿಮ, ನೈರುತ್ಯ ಗೋಡೆಗೆ ಬಡಿದು ಎರಡನೇ ವರ್ಷಕ್ಕೆ ಪಾಚಿ, ಮೂರನೆಯದಕ್ಕೆ ಒಳಗೋಡೆಯಲ್ಲಿ ಬೂಷ್ಟು. ಎರಡಡಿ ಸಜ್ಜಾ, ಅದರ ಅಂಚಿನ ಕೆಳಗೆ ನೀರು ತೊಟ್ಟಿಕ್ಕುವ ಗಾಡಿ (ಕೊರೆದ ಗೆರೆ), ಹೊರಕ್ಕೆ ಇಳಿಜಾರಾದ ಕಿಟಕಿ ಕಟ್ಟೆ, ಹೊರಗೋಡೆಗೆ ಎಂಟು ಇಂಚಿನ ಬ್ಲಾಕು, ಎರಡು ಪದರ ಗಾರೆ, ತಾರಸಿಗೆ ನೂರಕ್ಕೆ ಒಂದರ ಇಳಿಜಾರು. ಇವೆಲ್ಲ ಒಪ್ಪಂದದ ಅನುಬಂಧದಲ್ಲಿ ಹೀಗೇ ಸಂಖ್ಯೆಯಲ್ಲಿ ಬರೆದಿರಬೇಕು. "ಉತ್ತಮ ಗುಣಮಟ್ಟದ" ಎಂಬ ಪದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕಾಂಕ್ರೀಟು ಹಾಕಿದ ದಿನ ಗಟ್ಟಿತನದ ಪರೀಕ್ಷೆಗೆ ಅದರದ್ದೇ ಕ್ಯೂಬ್ ತೆಗೆಸಿ: ಐದು ಘನ ಮೀಟರ್ ವರೆಗೆ ಒಂದು ಸ್ಯಾಂಪಲ್, ಹದಿನೈದರವರೆಗೆ ಎರಡು, ಮೂವತ್ತರವರೆಗೆ ಮೂರು, ಪ್ರತಿ ಸ್ಯಾಂಪಲಿಗೆ ಮೂರು ಕ್ಯೂಬ್, 28ನೇ ದಿನದ ವರದಿ ಮಾಲೀಕರ ಕೈಗೆ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ ಹತ್ತು ದಿನ ಕ್ಯೂರಿಂಗ್. ಮಳೆ ಬರುತ್ತಿದೆಯಲ್ಲ ಎಂದು ಮೇಸ್ತ್ರಿ ಕಾಲಂಗೆ ಗೋಣಿ ಸುತ್ತದೇ ಬಿಡುತ್ತಾನೆ. ಎರಡು ಮಳೆಯ ನಡುವಿನ ಬಿಸಿಲು ಸಾಕು, ಅದು ಒಣಗಿ ಸೀಳಲು. ಬಚ್ಚಲುಮನೆಯ ತಗ್ಗಿನ ಸ್ಲ್ಯಾಬಿಗೆ ಟೈಲ್ಸ್ ಕೂರಿಸುವ ಮೊದಲು 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಮನೆಯ ಸೂರು ನೋಡಬೇಕು.

ಕೊನೆಗೆ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ. ಅದಿಲ್ಲದೆ ಫ್ಲಾಟನ್ನು ವಶಕ್ಕೆ ಕೊಡಬಾರದು, ಕರೆಂಟು, ನೀರಿನ ಸಂಪರ್ಕವೂ ಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ, ನಕ್ಷೆ ಮೀರಿ ಒಂದು ಮಹಡಿ ಏರಿಸುವ ಹಳೇ ಚಾಳಿ ಮಾಲೀಕರ ಕೊರಳಿಗೂ ಬರುತ್ತದೆ, ಏಕೆಂದರೆ ಅವರ ಪಾಲಿನ ಫ್ಲಾಟುಗಳೂ ಅದೇ ಕಟ್ಟಡದಲ್ಲಿವೆ. ಓಸಿ ಸಿಕ್ಕ ಮೇಲೆ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿಯಾಗಬೇಕು, ಬೈಲಾ, ನಿರ್ವಹಣಾ ನಿಧಿ ಸಮೇತ. ತಾರಸಿ ಯಾರದು, ಬಾವಿ ಯಾರದು, ಬಣ್ಣ ಬಳಿಸುವ ಖರ್ಚು ಹೇಗೆ ಹಂಚಿಕೆ ಎಂದು ಅದರಲ್ಲಿ ಬರೆಯದಿದ್ದರೆ ಹದಿನಾಲ್ಕು ರುಜುವಿನ ಮನೆ ಹೋಗಿ ಹದಿನಾರು ಖಾತೆಯ ಕಟ್ಟಡ ಬಂದಿರುತ್ತದೆ ಅಷ್ಟೇ, ಜಾರಿದ ಹಂಚು ಕೂರಿಸುವವರು ಆಗಲೂ ಇರುವುದಿಲ್ಲ. ಜೆಡಿಯಲ್ಲಿ ಇನ್ನೂ ಒಂದು ಸಾಲು ಸೇರಿಸಿಕೊಳ್ಳಿ, ಬಿಲ್ಡರುಗಳು ಗೊಣಗುತ್ತಾರೆ, ಆದರೆ ಕೆಲಸದ ಮೇಲೆ ನಂಬಿಕೆಯಿರುವವರು ಒಪ್ಪುತ್ತಾರೆ: ಓಸಿ ಬಂದು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಬಿಲ್ಡರ್ ಪಾಲಿನ ಒಂದು ಫ್ಲಾಟನ್ನು ಮಾರುವಂತಿಲ್ಲ.